ಉದ್ಯಾನಗಳು, ಹತ್ತಿರದಲ್ಲೇ ಬೆಳೆದ ಆಹಾರ ನಗರದವರನ್ನು ಪ್ರಕೃತಿಗೆ ಹತ್ತಿರ ತರುತ್ತವೆಯೇ?

ಖಂಡಿತ ತರುತ್ತವೆ. ಆದರೆ ಸುಮ್ನೆ ಹಸಿರು ಕಂಡರೆ ಸಾಲದು, ಅಲ್ಲಿ ಸಮಯ ಕಳೆಯಬೇಕು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿತ್ತು. ವಾರಕ್ಕೆ 120 ನಿಮಿಷವಾದರೂ ಉದ್ಯಾನ, ಕಾಡು, ಕಡಲತೀರದಂಥ ಕಡೆ ಕಳೆದವರಲ್ಲಿ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಎಂದವರು ಜಾಸ್ತಿ. ಒಂದೇ ಸಲ ಹೋದರೂ ಸರಿ, ಆಗಾಗ ಸ್ವಲ್ಪ ಸ್ವಲ್ಪ ಹೋದರೂ ಸರಿ.

ಆಹಾರದ ನಂಟು ಇನ್ನೂ ಗಟ್ಟಿ ಅಂತ ನನಗನಿಸುತ್ತದೆ. ಬಾಲ್ಕನಿಯಲ್ಲಿ ಒಂದು ಕುಂಬಳದ ಬಳ್ಳಿ ಹಬ್ಬಿಸಿ ನೋಡಿ. ಗಂಡು ಹೂವಿಗೆ ಬರೀ ತೊಟ್ಟು, ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ. ಬೆಳಿಗ್ಗೆ ಹೂ ಅರಳಿರುವ ಕೆಲವೇ ಗಂಟೆಗಳಲ್ಲಿ ಜೇನುನೊಣ ಬಂದು ಪರಾಗ ಮುಟ್ಟಿಸಬೇಕು. ಬರದಿದ್ದರೆ ಆ ಕಾಯಿ ಹಳದಿಯಾಗಿ ಉದುರಿಹೋಗುತ್ತದೆ. ಆ ಜೇನಿಗೆ ಉಳಿದ ದಿನಗಳಲ್ಲಿ ಮೇವು ಬೇಕಲ್ವಾ? ಅದು ಸಿಗುವುದು ಪಕ್ಕದ ಪಾರ್ಕಿನ ಹೂಗಿಡಗಳಲ್ಲಿ. ಪಾರ್ಕಿಗೂ ನಿಮ್ಮ ತಟ್ಟೆಗೂ ಇರುವ ಸಂಬಂಧ ಆಗ ಕಣ್ಣಿಗೇ ಕಾಣುತ್ತದೆ.

ವರ್ಷವಿಡೀ ಎಲ್ಲವೂ ಸಿಗುವ ಅಂಗಡಿ ಋತುಮಾನವನ್ನೇ ಮರೆಸಿಬಿಡುತ್ತದೆ. ಬೆಳೆಯಲು ಜಾಗ ಇಲ್ಲದಿದ್ದರೆ ಹತ್ತಿರದ ರೈತರಿಂದಲೇ ಕೊಳ್ಳಿ. ಮಳೆ ಜಾಸ್ತಿಯಾದ ವಾರ ಸೊಪ್ಪು ಯಾಕೆ ಕಡಿಮೆ ಬಂತು ಅಂತ ಅವರನ್ನೇ ಕೇಳಿ.