ಪ್ರತಿಕ್ರಿಯೆ: ‘ಸನ್‌ರೈಸ್’ ಚಿತ್ರದಲ್ಲಿ ಬೇರೆಯವರ ಮದುವೆ ನೋಡಿ ಗಂಡ ಅಳುವುದೇಕೆ?

ಚರ್ಚ್‌ನಲ್ಲಿ ಬೇರೆಯವರ ಮದುವೆ ನೋಡಿ ಗಂಡ ಅಳುವುದು ಸುಮ್ನೆ ಬಂದಂತಿದೆ ಎಂದು ನೀವು ಕೇಳಿದ್ದೀರಿ. ಹಾಗೆ ಕಾಣುವುದಕ್ಕೆ ಕಾರಣ, ಬಹುಶಃ ನೀವು ಚರ್ಚ್ ದೃಶ್ಯವನ್ನಷ್ಟೇ ಬಿಡಿಯಾಗಿ ನೋಡುತ್ತಿರುವುದು. ಜರ್ಮನ್ ನಿರ್ದೇಶಕ ಮುರ್ನೌ 1927ರಲ್ಲಿ ಮಾಡಿದ ಈ ಮೂಕಿ ಚಿತ್ರದಲ್ಲಿ ಅದರ ಬೇರು ಮೊದಲೇ ಇದೆ.

ರಾಯಚೂರಿನ ನಿಮ್ಮ ವಿದ್ಯಾರ್ಥಿಗಳಿಗೆ ಮೊದಲು ಬೆಳದಿಂಗಳಿನ ಜೌಗು ನೆಲದ ದೃಶ್ಯ ತೋರಿಸಿ. ಹೆಂಡತಿಯನ್ನು ನೀರಲ್ಲಿ ಮುಳುಗಿಸು ಎಂಬ ಮಾತನ್ನು ಗಂಡನ ಪ್ರೇಯಸಿಯಾದ ಪಟ್ಟಣದ ಹೆಂಗಸು ಅವನ ತಲೆಗೆ ತುಂಬುವುದು ಅಲ್ಲೇ. ಆಮೇಲೆ, ಮುಳುಗಿಸಲೆಂದೇ ಹೆಂಡತಿಯನ್ನು ಕರೆದೊಯ್ಯುವ ದೋಣಿ. ಹೆಂಡತಿ ಕೈ ಜೋಡಿಸುತ್ತಾಳೆ, ಅವನಿಗೆ ಮನಸ್ಸು ಬರುವುದಿಲ್ಲ.

ಇಷ್ಟಾದ ಮೇಲೆ ಚರ್ಚ್‌ಗೆ ಬನ್ನಿ. ಪಾದ್ರಿ ಹೇಳುವುದು ಮದುಮಗನಿಗೆ. ಆದರೆ ಹೆಂಡತಿಯನ್ನು ಕಾಪಾಡಬೇಕು ಎಂಬ ಮಾತು ನೇರವಾಗಿ ಇವನಿಗೇ ತಾಗುತ್ತದೆ. ನಮ್ಮ ಕಡೆ ಅಕ್ಕಿಕಾಳು ಬೀಳುವಾಗ ಹಳೇ ಜೋಡಿಗಳಿಗೂ ತಮ್ಮ ಮದುವೆ ನೆನಪಾಗುತ್ತದೆ ಅಲ್ವಾ, ಹಾಗೆ. ಅತ್ತು ಕ್ಷಮೆ ಕೇಳಿ ಇಬ್ಬರೂ ಹೊರಬರುತ್ತಾರೆ. ಆಗ ಮದುಮಕ್ಕಳಿಗಾಗಿ ಕಾದಿದ್ದ ಜನ ಇವರಿಗೆ ದಾರಿ ಬಿಡುತ್ತಾರೆ. ಅದನ್ನು ಮಾತ್ರ ತಪ್ಪಿಸಬೇಡಿ. ಇಡೀ ಚಿತ್ರದಲ್ಲಿ ನನಗೆ ಅದಕ್ಕಿಂತ ದೊಡ್ಡ ಗಳಿಗೆ ಇಲ್ಲ.

ಕೊನೆಗೆ, ದೋಣಿಯಲ್ಲಿ ಊರಿಗೆ ಮರಳುವಾಗ, ಬಿರುಗಾಳಿ. ಕೊಲೆ ಮಾಡಿ ತಾನು ತೇಲಿ ಬರಲೆಂದು ತಂದಿದ್ದ ಜೊಂಡಿನ ಕಟ್ಟನ್ನೇ ಹೆಂಡತಿಗೆ ಕಟ್ಟುತ್ತಾನೆ. ಅದು ಕ್ಷಮೆಯ ಗುರುತು ಎನ್ನುವುದು ನನ್ನ ಅನಿಸಿಕೆ, ಪಕ್ಕಾ ಅನ್ನಲಾರೆ. ವಿದ್ಯಾರ್ಥಿಗಳಿಗೆ ಅದನ್ನೇ ಪ್ರಶ್ನೆಯಾಗಿ ಕೊಡಿ.