ಶಿರಸಿ ಕಡೆ ಊರಿನ ಕೊಕ್ಕೊದಿಂದ ಚಾಕೊಲೇಟ್ ಮಾಡುವ ಅಂಗಡಿಗೆ ಹೋದರೆ ಏನು ನೋಡಬೇಕು, ಏನು ಕೇಳಬೇಕು?

ನೀವು ಕೇಳಿದ್ದು ಎರಡು ಪ್ರಶ್ನೆ. ಮನೆಯವರ ಜೊತೆ ಶಿರಸಿಗೆ ಬರುತ್ತಿದ್ದೀರಿ, ಇಲ್ಲೇ ಬೆಳೆದ ಕೊಕ್ಕೊದಿಂದ ಚಾಕೊಲೇಟ್ ಮಾಡಿ ಮಾರುವ ಸಣ್ಣ ಅಂಗಡಿಗೆ ಹೋಗುವುದು ಸಾರ್ಥಕವಾ ಅನ್ನುವುದು ಒಂದು. 50 ಗ್ರಾಂ ಬಾರಿಗೆ 250 ರೂಪಾಯಿ ಬೆಲೆ ಇಟ್ಟು, ಮೇಲೆ 'ರೈತರಿಗೆ ನ್ಯಾಯದ ಬೆಲೆ' ಅಂತ ಬರೆದಿದ್ದರೆ ಅದನ್ನು ನಂಬುವುದು ಹೇಗೆ ಅನ್ನುವುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಸುಲಭ, ಹೋಗಿ ಬನ್ನಿ. ಎರಡನೆಯದಕ್ಕೆ ಸ್ವಲ್ಪ ಉದ್ದ ಬರೆಯಬೇಕು. ನಮ್ಮ ಅಡಿಕೆ ತೋಟದಲ್ಲೂ ಕೊಕ್ಕೊ ಇದೆ. ಹಸಿ ಬೀಜ ಹೆಚ್ಚಿನದು ವ್ಯಾಪಾರಿಗೆ ಹೋಗುತ್ತದೆ, ಸ್ವಲ್ಪ ಚಾಕೊಲೇಟ್ ಮಾಡುವವರಿಗೆ ಕೊಡುತ್ತೇವೆ. ಹಾಗಾಗಿ ನಾನು ಬೆಳೆಗಾರನ ಕಡೆ ವಾಲಿಕೊಂಡೇ ಮಾತಾಡುತ್ತೇನೆ, ಅದನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಓದಿ.

ಅಂಗಡಿಗೆ ಹೋದ ತಕ್ಷಣ ಬಾರನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಕೊಕ್ಕೊ ಬೀಜ, ಕೊಕ್ಕೊ ಬೆಣ್ಣೆ, ಸಕ್ಕರೆ, ಇಷ್ಟೇ ಇದ್ದರೆ ಒಳ್ಳೆಯದು. ಹೈಡ್ರೋಜನೇಟೆಡ್ ವೆಜಿಟೇಬಲ್ ಫ್ಯಾಟ್ ಅಂತ ಇದ್ದರೆ ಅದು ಕಾಂಪೌಂಡ್, ಅಂದರೆ ಕೊಕ್ಕೊ ಬೆಣ್ಣೆಯ ಬದಲು ಅಗ್ಗದ ಸಸ್ಯ ಕೊಬ್ಬು ಹಾಕಿ ಮಾಡಿದ್ದು. ಘಟ್ಟದ ಪ್ರವಾಸಿ ಊರುಗಳಲ್ಲಿ 'ಹೋಮ್‌ಮೇಡ್' ಅಂತ ಸಿಗುವುದರಲ್ಲಿ ಬಹಳಷ್ಟು ಇದೇ. ದೊಡ್ಡ ಕಂಪನಿಯ ಕಾಂಪೌಂಡ್ ಗಟ್ಟಿ ತಂದು, ಕರಗಿಸಿ, ಗೋಡಂಬಿ ಸೇರಿಸಿ ಅಚ್ಚಿಗೆ ಹೊಯ್ಯುತ್ತಾರೆ. ಮಾಡಿದ್ದು ಮನೆಯಲ್ಲೇ, ಅದರಲ್ಲಿ ಸುಳ್ಳೇನೂ ಇಲ್ಲ. ಮಕ್ಕಳಿಗೆ ಇಷ್ಟವೂ ಆಗುತ್ತದೆ. ಆದರೆ ಅದರಲ್ಲಿ ನಮ್ಮ ಊರಿನ ತೋಟದ್ದು ಏನೂ ಇರುವುದಿಲ್ಲ.

ಬೀಜದಿಂದಲೇ ಮಾಡುವ ಜಾಗವಾದರೆ ಒಳಗೆ ಕಲ್ಲು ತಿರುಗುವ ಸದ್ದು ಕೇಳಬೇಕು. ಆ ಯಂತ್ರಕ್ಕೆ ಮೆಲಾಂಜರ್ ಅನ್ನುತ್ತಾರೆ, ನೋಡಿದರೆ ದೋಸೆ ಹಿಟ್ಟು ರುಬ್ಬುವ ಗ್ರೈಂಡರಿನ ಅಣ್ಣ. ಸುಮ್ನೆ ಹೇಳುತ್ತಿಲ್ಲ, ಕೊಯಮತ್ತೂರಿನ ವೆಟ್ ಗ್ರೈಂಡರ್ ತಯಾರಕರೇ ಅದನ್ನು ಸ್ವಲ್ಪ ಬದಲಾಯಿಸಿ ಜಗತ್ತಿನ ಸಣ್ಣ ಚಾಕೊಲೇಟ್ ಮಾಡುವವರಿಗೆಲ್ಲ ಕಳಿಸುತ್ತಾರೆ. ಹುರಿದು ಸಿಪ್ಪೆ ಕೇರಿದ ಬೀಜ ಅದರಲ್ಲಿ ಒಂದು ದಿನದಿಂದ ಮೂರು ದಿನದವರೆಗೆ ತಿರುಗುತ್ತದೆ. ನಡುವೆ ಕರೆಂಟ್ ಹೋದರೆ ಎಲ್ಲ ಗಟ್ಟಿಯಾಗಿ ಕೂತುಬಿಡುತ್ತದೆ. ಮಳೆಗಾಲದ ಶಿರಸಿಯಲ್ಲಿ ಇದು ಎಷ್ಟು ದೊಡ್ಡ ತಲೆನೋವು ಅಂತ ಇಲ್ಲಿಯವರಿಗೆ ಗೊತ್ತು.

ಆದರೆ ನನ್ನ ಪ್ರಕಾರ ಚಾಕೊಲೇಟಿನ ರುಚಿ ಹುಟ್ಟುವುದು ಅಂಗಡಿಯಲ್ಲಲ್ಲ, ಅದಕ್ಕೂ ಮೊದಲು, ಹುದುಗು ಹಾಕುವ ಪೆಟ್ಟಿಗೆಯಲ್ಲಿ. ಕಾಯಿ ಒಡೆದರೆ ಒಳಗೆ ಬಿಳಿ ಲೋಳೆ ಸುತ್ತಿದ ಬೀಜಗಳು ಸಾಲಾಗಿ ಇರುತ್ತವೆ. ಲೋಳೆ ಹುಳಿಸಿಹಿ, ಚೀಪುವುದಕ್ಕೆ ಚೆನ್ನಾಗಿರುತ್ತದೆ. ಮಂಗ, ಅಳಿಲು, ಇಲಿ ಎಲ್ಲ ಬರುವುದೂ ಇದಕ್ಕೇ. ಬೀಜ ಮಾತ್ರ ಹಸಿಯಲ್ಲಿ ಬರೀ ಕಹಿ, ಚಾಕೊಲೇಟಿನ ವಾಸನೆ ಹೆಸರಿಗೂ ಇಲ್ಲ. ಲೋಳೆ ಸಮೇತ ಮರದ ಪೆಟ್ಟಿಗೆಗೆ ತುಂಬಿ, ಮೇಲೆ ಬಾಳೆ ಎಲೆ ಹೊದೆಸಿ, ಐದಾರು ದಿನ ಇಡಬೇಕು. ಒಂದೆರಡು ದಿನದಲ್ಲಿ ಸೇಂದಿಯ ವಾಸನೆ, ಆಮೇಲೆ ಮೂಗಿಗೆ ಹೊಡೆಯುವ ವಿನೆಗರ್ ವಾಸನೆ. ಕೈ ಹಾಕಿದರೆ ಬಿಸಿ ಚುರುಕ್ ಅನ್ನುತ್ತದೆ, ರಾಶಿಯ ಒಳಗೆ 45ರಿಂದ 50 ಡಿಗ್ರಿ ಏರುತ್ತದೆ. ಈ ಬಿಸಿಗೆ ಮತ್ತು ಆ ಹುಳಿಗೆ ಬೀಜದ ಮೊಳಕೆ ಸಾಯುತ್ತದೆ, ಕಹಿ ಇಳಿಯುತ್ತದೆ, ಪರಿಮಳಕ್ಕೆ ಬೇಕಾದ್ದೆಲ್ಲ ಒಳಗೆ ತಯಾರಾಗುತ್ತದೆ. ಎರಡು ದಿನಕ್ಕೊಮ್ಮೆ ಮೇಲೆ ಕೆಳಗೆ ಮಾಡಿ ತಿರುವುತ್ತಲೂ ಇರಬೇಕು.

ಆಮೇಲೆ ಬಿಸಿಲು. ಮಳೆಗಾಲದಲ್ಲಿ ಕೊಯ್ದ ಕಾಯಿಗೆ ನಮ್ಮಲ್ಲಿ ಇದೇ ದೊಡ್ಡ ಕಷ್ಟ. ಅಡಿಕೆಗೆ ಮಾಡಿದ ಹಾಗೆ ಬೆಂಕಿಯ ಮೇಲಿನ ಅಟ್ಟಕ್ಕೆ ಹಾಕೋಣ ಅಂದರೆ ಬೀಜ ಹೊಗೆ ಎಳೆದುಕೊಳ್ಳುತ್ತದೆ. ಬೀಜದ ಅರ್ಧದಷ್ಟು ಕೊಬ್ಬೇ ಇರುವುದರಿಂದ ಹಿಡಿದ ವಾಸನೆ ಮತ್ತೆ ಬಿಡುವುದಿಲ್ಲ, ಹುರಿದರೂ ಹೋಗುವುದಿಲ್ಲ.

ಹಾಗಾಗಿ ಅಂಗಡಿಯವರನ್ನು ಒಣ ಬೀಜ ಕೇಳಿ. ಒಂದನ್ನು ಉದ್ದಕ್ಕೆ ಸೀಳಿ ತೋರಿಸಲು ಹೇಳಿ. ಒಳಗೆ ಕಂದು ಬಣ್ಣವಿದ್ದು, ಮೆದುಳಿನ ಹಾಗೆ ಬಿರುಕು ಬಿರುಕಾಗಿದ್ದರೆ ಹುದುಗು ಸರಿಯಾಗಿದೆ. ಪೂರ್ತಿ ನೇರಳೆ ಇದ್ದರೆ ಅರ್ಧಂಬರ್ಧ ಆಗಿದೆ. ಸ್ಲೇಟಿನ ಬಣ್ಣದಲ್ಲಿ ಗಟ್ಟಿಯಾಗಿದ್ದರೆ ಹುದುಗೇ ಹಾಕಿಲ್ಲ. ಖುಷಿಯಿಂದ ಸೀಳಿ ತೋರಿಸುವವರು ಬೀಜದ ಜೊತೆ ಒಡನಾಟ ಇರುವವರು. 'ಅದೆಲ್ಲ ಬೇರೆ ಕಡೆ ಮಾಡಿಸುತ್ತೇವೆ' ಅಂದರೂ ತಪ್ಪಿಲ್ಲ, ಆ ಬೇರೆ ಕಡೆ ಯಾವುದು ಅಂತ ಹೇಳಬೇಕು ಅಷ್ಟೇ.

ಈಗ ದುಡ್ಡಿನ ವಿಷಯ. 70 ಶೇಕಡಾ ಅಂತ ಬರೆದ 50 ಗ್ರಾಂ ಬಾರಿನಲ್ಲಿ 35 ಗ್ರಾಂ ಕೊಕ್ಕೊ ಇರುತ್ತದೆ. ಸಿಪ್ಪೆ, ತೇವ ಕಳೆದು ಅಷ್ಟು ಉಳಿಯಬೇಕಾದರೆ ಹತ್ತಿರ ಹತ್ತಿರ 45 ಗ್ರಾಂ ಒಣ ಬೀಜ ಬೇಕು. ಮೂರು ಕೆಜಿ ಹಸಿ ಬೀಜ ಒಣಗಿದರೆ ಸುಮಾರು ಒಂದು ಕೆಜಿ. ಅಂದರೆ ಆ ಬಾರಿಗೆ 140 ಗ್ರಾಂ ಆಸುಪಾಸು ಹಸಿ ಬೀಜ ಸಾಕು, ಒಂದೆರಡು ಕಾಯಿ. ಹಸಿ ಬೀಜ ಕೆಜಿಗೆ 100 ರೂಪಾಯಿ ಅಂತ ಲೆಕ್ಕಕ್ಕೆ ಹಿಡಿದರೆ ರೈತನಿಗೆ ಸಿಗುವುದು 14 ರೂಪಾಯಿ. ನಿಮ್ಮ 250ರಲ್ಲಿ 14!

ಇದನ್ನು ಓದಿ ಅಂಗಡಿಯವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ದಿನಗಟ್ಟಲೆ ರುಬ್ಬುವ ಕರೆಂಟು, ಎಸಿ ಕೋಣೆ, ಕೆಲಸದವರ ಸಂಬಳ, ಪ್ಯಾಕಿಂಗ್, ತೆರಿಗೆ, ಮಾರಾಟವಾಗದೆ ಉಳಿದ ಮಾಲು, ಎಲ್ಲ ಅದರಲ್ಲೇ ಬರಬೇಕು. ನಾನು ಹೇಳುವುದು ಬೇರೆ. ಅವರು ರೈತನಿಗೆ ಒಂದೂವರೆ ಪಟ್ಟು ಕೊಟ್ಟರೂ ಬಾರಿನ ಖರ್ಚು ಏರುವುದು 7 ರೂಪಾಯಿ. 'ನ್ಯಾಯದ ಬೆಲೆ' ಅಂತ ಬರೆದವರಿಗೆ ಇಷ್ಟು ಕೊಡುವುದು ಭಾರವಲ್ಲ. ಆದ್ದರಿಂದ ನೇರವಾಗಿ ಕೇಳಿ: ಈ ಸಲ ಹಸಿ ಬೀಜಕ್ಕೆ ಎಷ್ಟು ಕೊಟ್ಟಿರಿ, ಪೇಟೆ ದರ ಎಷ್ಟಿತ್ತು? ಈ ಎರಡು ಸಂಖ್ಯೆ ಬಾಯಲ್ಲಿ ಬಂದರೆ ಯಾವ ಸರ್ಟಿಫಿಕೇಟೂ ಬೇಡ. ಎರಡೆಕರೆ ತೋಟದವನಿಗೆ ಸರ್ಟಿಫಿಕೇಟಿನ ಖರ್ಚು ಹೊರುವುದು ಹೇಗೂ ಆಗುವುದಿಲ್ಲ.

ದರ ಕುಸಿದಾಗಲೂ ತೆಗೆದುಕೊಳ್ಳುತ್ತೀರಾ ಅಂತಲೂ ಕೇಳಿ. ನಮಗೆ ಇದೇ ಮುಖ್ಯ ಪ್ರಶ್ನೆ. ಕೊಕ್ಕೊ ಬೆಳೆದವರಿಗೆ ಏರಿಳಿತದ ಅನುಭವ ಹಳೆಯದು. ಎಂಬತ್ತರ ದಶಕದ ಶುರುವಿನಲ್ಲಿ ಕೊಳ್ಳುವವರೇ ಇಲ್ಲದ ಹಾಗಾಗಿ ಎಷ್ಟೋ ಜನ ಗಿಡ ಕಡಿದರು. ಆಗ ಅಡಿಕೆ, ಕೊಕ್ಕೊ ಬೆಳೆಗಾರರ ಸಹಕಾರಿ ಸಂಘವಾದ ಕ್ಯಾಂಪ್ಕೊ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಶುರು ಮಾಡಿತು. ಕರಾವಳಿ, ಮಲೆನಾಡಿನಲ್ಲಿ ಈ ಬೆಳೆ ಉಳಿದಿದ್ದರಲ್ಲಿ ಅದರ ಪಾಲು ದೊಡ್ಡದು. ಸಣ್ಣ ಅಂಗಡಿಯ ಕಥೆ ಕೇಳಿ ಬೆರಗಾಗುವಾಗ ಸಹಕಾರಿ ಸಂಘದವರ ಈ ಕೆಲಸ ಮರೆತುಹೋಗುತ್ತದೆ, ಅದು ನನಗೆ ಸ್ವಲ್ಪ ಬೇಜಾರು. 2024ರಲ್ಲಿ ಐವರಿ ಕೋಸ್ಟ್, ಘಾನಾದಲ್ಲಿ ಬೆಳೆ ಕೈಕೊಟ್ಟು ಜಾಗತಿಕ ದರ ಟನ್ನಿಗೆ 10,000 ಡಾಲರ್ ದಾಟಿತು. ಆಗ ಇಲ್ಲೂ ಎಲ್ಲರಿಗೂ ಕೊಕ್ಕೊ ನೆನಪಾಯಿತು. ಮರುವರ್ಷ ದರ ಇಳಿಯಿತು. ಇಳಿದಾಗಲೂ ಫೋನ್ ಮಾಡುವವರು ಯಾರು ಅನ್ನುವುದನ್ನು ನಾವು ನೋಡುತ್ತೇವೆ.

ನ್ಯಾಯದ ಮಾತು ಬಂದಾಗ ಕೊಕ್ಕೊ ತೋಟಗಳಲ್ಲಿ ಮಕ್ಕಳನ್ನು ದುಡಿಸುತ್ತಾರೆ ಅನ್ನುವ ದೂರೂ ಬರುತ್ತದೆ. ಆ ದೂರು ಮುಖ್ಯವಾಗಿ ಪಶ್ಚಿಮ ಆಫ್ರಿಕಾದ ತೋಟಗಳ ಮೇಲಿನದು. ನಮ್ಮಲ್ಲಿ ಅಡಿಕೆ, ತೆಂಗಿನ ನಡುವಿನ ಉಪಬೆಳೆ ಆಗಿರುವುದರಿಂದ ಹೆಚ್ಚಾಗಿ ಮನೆಯವರು ಮತ್ತು ಒಂದಿಬ್ಬರು ಆಳುಗಳೇ ಕಾಯಿ ಕೊಯ್ಯುವುದು, ಒಡೆಯುವುದು. ಆದರೂ ಆಳಿಗೆ ಏನು ಕೂಲಿ ಅನ್ನುವ ಪ್ರಶ್ನೆ ಇದ್ದೇ ಇದೆ, ಅದನ್ನು ಅಂಗಡಿಯವರಿಗಲ್ಲ, ನನ್ನಂಥವರಿಗೆ ಕೇಳಬೇಕು.

ಏನು ಕೊಳ್ಳಬೇಕು ಅಂದರೆ, ಮೊದಲು ಏನೂ ಬೆರೆಸದ 70ರದ್ದು ಒಂದು. ಬಾಯಲ್ಲಿ ಇಟ್ಟು ಅಗಿಯದೆ ಬಿಡಿ. ನಮ್ಮ ಕಡೆಯ ಕೊಕ್ಕೊದಲ್ಲಿ ಹುಳಿ ಜಾಸ್ತಿ ಅಂತ ನನಗೆ ಅನಿಸುತ್ತದೆ, ಕೆಲವರಿಗೆ ಅದು ಹಿಡಿಸುವುದಿಲ್ಲ. ಆಮೇಲೆ ಬೇಕಾದರೆ ಕಾಳುಮೆಣಸಿನದ್ದು, ಏಲಕ್ಕಿಯದ್ದು ನೋಡಿ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪು ಉದುರಿಸಿದ್ದು ಸಿಕ್ಕರೆ ಬಿಡಬೇಡಿ. 'ಜೋನಿ ಬೆಲ್ಲದ (ನೀರಾಗಿರುವ ಬೆಲ್ಲದ) ಚಾಕೊಲೇಟ್' ಅಂತ ಇದ್ದರೆ ಹೇಗೆ ಮಾಡಿದಿರಿ ಅಂತ ಕೇಳಿ. ಕರಗಿದ ಚಾಕೊಲೇಟಿಗೆ ನೀರಿನ ಪಸೆ ತಾಗಿದರೆ ಅದು ಗಂಟುಕಟ್ಟಿ ಕೆಡುತ್ತದೆ, ಹಾಗಾಗಿ ಜೋನಿಯನ್ನು ನೇರ ಹಾಕಲು ಆಗುವುದಿಲ್ಲ. ಪುಡಿ ಬೆಲ್ಲ ಒಣಗಿಸಿ ಹಾಕುತ್ತಾರೆ, ಇಲ್ಲವೇ ಜೋನಿಯನ್ನು ಒಳಗಿನ ಹೂರಣಕ್ಕೆ ಬಳಸುತ್ತಾರೆ.

ಒಂದು ಮಾತು ಪ್ರಯಾಣದ ಬಗ್ಗೆ. ಕೊಕ್ಕೊ ಬೆಣ್ಣೆ ಕರಗುವುದು 34 ಡಿಗ್ರಿ ಹತ್ತಿರ. ನೀವು ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಕಾರವಾರ ಅಂತ ಹೊರಟರೆ ಏಪ್ರಿಲ್ ಮೇ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಾರು ಪಾಯಸವಾಗುತ್ತದೆ. ಥರ್ಮೋಕೋಲ್ ಡಬ್ಬಿ ತನ್ನಿ, ಇಲ್ಲದಿದ್ದರೆ ಪೇಪರಿನಲ್ಲಿ ಸುತ್ತಿ ಬಟ್ಟೆಯ ನಡುವೆ ಇಡಿ. ಕರಗಿ ಮತ್ತೆ ಗಟ್ಟಿಯಾದ ಮೇಲೆ ಮೇಲ್ಮೈ ಬೆಳ್ಳಗಾದರೆ ಬೂಸ್ಟು ಅಂತ ಎಸೆಯಬೇಡಿ, ಬೆಣ್ಣೆ ಮೇಲೆ ಬಂದಿರುತ್ತದೆ ಅಷ್ಟೇ. ಬಿಸಿ ಹಾಲಿಗೆ ಹಾಕಿ ಕುಡಿಯಬಹುದು.

ಹೋಗುವ ಮೊದಲು ಫೋನ್ ಮಾಡಿ. ಇಂಥ ಅಂಗಡಿಗಳಲ್ಲಿ ಮಾಡುವವರೂ ಮಾರುವವರೂ ಒಬ್ಬರೇ ಇರುತ್ತಾರೆ, ಬೀಜ ತರಲು ತೋಟಕ್ಕೆ ಹೋಗಿದ್ದರೆ ಬಾಗಿಲು ಹಾಕಿರುತ್ತದೆ.