ವಿಯೆಟ್ನಾಂನ ರಫ್ತು, ವಿಯೆಟ್ನಾಂನ ಗಳಿಕೆ

ಮಾನ್ಯರೇ,

ಕಳೆದ ಸಂಚಿಕೆಯ ನಮ್ಮ ವಿಯೆಟ್ನಾಂ ಲೇಖನದಲ್ಲಿ ಅನುಮಾನವೇ ಹೆಚ್ಚಾಯಿತೆಂದು ಬರೆದಿದ್ದೀರಿ. 2024ರಲ್ಲಿ ಶೇ 7ರಷ್ಟು ಬೆಳೆದ, ಹಣದುಬ್ಬರವನ್ನು ಶೇ 4ರೊಳಗೆ ಹಿಡಿದಿಟ್ಟ, 40,000 ಕೋಟಿ ಡಾಲರ್ ಮೀರಿ ರಫ್ತು ಮಾಡಿದ ದೇಶಕ್ಕೆ ಹೋಗಲು ವಿದೇಶಿ ಕಂಪನಿಗಳು ಹಿಂದೆಮುಂದೆ ನೋಡುವುದೇಕೆ ಎಂಬುದು ನಿಮ್ಮ ಪ್ರಶ್ನೆ. ನಿಮ್ಮ ಅಂಕಿಗಳು ಸರಿಯಾಗಿಯೇ ಇವೆ. ಅವುಗಳಿಂದ ಹೊರಟ ತೀರ್ಮಾನದ ಬಗ್ಗೆ ಮಾತ್ರ ನನ್ನ ತಕರಾರು.

1986ರಲ್ಲಿ ಮಾರುಕಟ್ಟೆಗೆ ಬಾಗಿಲು ತೆರೆದ ‘ದೊಯ್ ಮೊಯ್’ ಸುಧಾರಣೆ ಆರಂಭವಾದಾಗ ಅಲ್ಲಿ ಬೆಲೆಗಳು ವರ್ಷಕ್ಕೆ ಹಲವು ಪಟ್ಟು ಏರುತ್ತಿದ್ದವು. ಅಲ್ಲಿಂದ 1995ರಲ್ಲಿ ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್‌ನ, 2007ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯತ್ವ, 2020ರಲ್ಲಿ ಯುರೋಪಿಯನ್ ಒಕ್ಕೂಟದೊಂದಿಗೆ ಮುಕ್ತ ವ್ಯಾಪಾರ ಒಪ್ಪಂದ ಎಂದು ಮುಂದೆ ಬಂದ ದೇಶದ ಸಾಧನೆ ಸಣ್ಣದಲ್ಲ. ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಒಂದು ಲೆಕ್ಕ ಗಮನಿಸಿ. 2024ರಲ್ಲಿ ಆ ದೇಶದ ಜಿಡಿಪಿ ಸುಮಾರು 47,600 ಕೋಟಿ ಡಾಲರ್. ರಫ್ತು ಅದರ ಶೇ 85ರಷ್ಟು! ದೇಶದ ದುಡಿಮೆಯ ಬಹುಪಾಲು ಹಡಗೇರಿತೆಂದು ಇದರರ್ಥವಲ್ಲ. ಹನೋಯ್ ಪಕ್ಕದ ಬಾಕ್ ನಿನ್ ಪ್ರಾಂತ್ಯದಲ್ಲಿ ಸ್ಯಾಮ್ಸಂಗ್ ಕಂಪನಿಯ ಮೊಬೈಲ್ ಕಾರ್ಖಾನೆಯಿದೆ. ಚಿಪ್, ಪರದೆಯಂತಹ ದುಬಾರಿ ಬಿಡಿಭಾಗಗಳಲ್ಲಿ ಬಹಳಷ್ಟು ಕೊರಿಯಾ, ಚೀನಾಗಳಿಂದ ಬರುತ್ತವೆ. ಅಲ್ಲಿನ ಕೆಲಸಗಾರರು ಜೋಡಿಸಿ, ಪರೀಕ್ಷಿಸಿ, ಪೆಟ್ಟಿಗೆಗೆ ತುಂಬುತ್ತಾರೆ. ಫೋನ್ ಗಡಿ ದಾಟುವಾಗ ಅದರ ಪೂರ್ತಿ ಬೆಲೆ ರಫ್ತಿನ ಲೆಕ್ಕಕ್ಕೆ ಸೇರುತ್ತದೆ. ಜಿಡಿಪಿಗೆ ಸೇರುವುದು ಅಲ್ಲಿ ಕೂಡಿದ ಮೌಲ್ಯ ಮಾತ್ರ. ಬಂದ ಬಿಡಿಭಾಗಗಳೆಲ್ಲ ಆಮದಿನ ಸಾಲಿನಲ್ಲಿ ಕುಳಿತಿರುತ್ತವೆ. ರಫ್ತಿನ ಸುಮಾರು ಮುಕ್ಕಾಲು ಪಾಲು ವಿದೇಶಿ ಬಂಡವಾಳದ ಕಂಪನಿಗಳದ್ದು. ಹಾಗಾಗಿ ಅಲ್ಲಿಗೆ ಹೋಗುವವರು ರಫ್ತಿನ ಮೊತ್ತಕ್ಕಿಂತ ಮೊದಲು ಕೇಳಬೇಕಾದದ್ದು, ತಮಗೆ ಬೇಕಾದ ಬಿಡಿಭಾಗ ಒದಗಿಸಬಲ್ಲ ಸ್ಥಳೀಯ ಘಟಕಗಳು ಎಷ್ಟಿವೆ ಎಂಬುದನ್ನು.

ಇದು ಬರೀ ಪಂಡಿತರ ಜಿಜ್ಞಾಸೆಯಲ್ಲ. ವಿಯೆಟ್ನಾಂ ರಫ್ತಿನ ಮೂರರಲ್ಲೊಂದು ಪಾಲಿನಷ್ಟನ್ನು ಕೊಳ್ಳುವ ಅಮೆರಿಕ 2025ರ ಏಪ್ರಿಲ್‌ನಲ್ಲಿ ಶೇ 46ರ ಸುಂಕ ಘೋಷಿಸಿತು. ಜುಲೈನಲ್ಲಿ ಶೇ 20ಕ್ಕೆ ಇಳಿಸುವುದಾಗಿ ಹೇಳಿದಾಗಲೂ, ಬೇರೆ ದೇಶದ ಸರಕು ವಿಯೆಟ್ನಾಂ ಮೂಲಕ ಹಾದು ಬಂದರೆ ಶೇ 40 ಎಂದಿತು. ವಸ್ತು ಎಲ್ಲಿ ಹುಟ್ಟಿತೆಂಬ ಪ್ರಶ್ನೆಗೇ ಬೆಲೆ ಕಟ್ಟಿದಂತಾಯಿತು.

ಹೂಡಿಕೆಯ ಅಂಕಿಯಲ್ಲೂ ಎರಡು ಬಗೆ. 2024ರಲ್ಲಿ ನೋಂದಣಿಯಾದ ವಿದೇಶಿ ಹೂಡಿಕೆ ಸುಮಾರು 3,800 ಕೋಟಿ ಡಾಲರ್. ನಿಜಕ್ಕೂ ವಿನಿಯೋಗವಾದದ್ದು ಸುಮಾರು 2,500 ಕೋಟಿ. ನಾನು ನಂಬುವುದು ಎರಡನೆಯದನ್ನು. ಅದೂ ಕಡಿಮೆಯೇನಲ್ಲ.

ಇನ್ನು ಯಾವ ಸೂಚ್ಯಂಕದಲ್ಲೂ ಕಾಣದ ಸಂಗತಿಗಳು. ಅಲ್ಲಿ ಭೂಮಿಯ ಒಡೆತನ ಯಾರಿಗೂ ಸಿಗುವುದಿಲ್ಲ. ಬಳಕೆಯ ಹಕ್ಕು ಮಾತ್ರ, ಕಂಪನಿಗಳಿಗೆ ಸಾಮಾನ್ಯವಾಗಿ 50 ವರ್ಷಕ್ಕೆ. ಕೈಗಾರಿಕಾ ವಲಯದಲ್ಲಿ ನಿವೇಶನ ಹಿಡಿದರೆ ನಿಮಗೆ ಸಿಗುವುದು ಆ ವಲಯದ ಗುತ್ತಿಗೆಯಲ್ಲಿ ಉಳಿದಿರುವ ಅವಧಿ. ವಲಯ ಇಪ್ಪತ್ತು ವರ್ಷ ಹಳೆಯದಾದರೆ ಕೈಗೆ ಬರುವುದು ಮೂವತ್ತೇ. ವಿದ್ಯುತ್ತಿನ ವಿಷಯಕ್ಕೆ ಬಂದರೆ, 2023ರ ಬೇಸಿಗೆಯಲ್ಲಿ ಜಲಾಶಯಗಳು ಬತ್ತಿ ಉತ್ತರದ ಕಾರ್ಖಾನೆಗಳು ಕತ್ತಲಲ್ಲಿ ಕುಳಿತವು. ಮರುವರ್ಷವೇ ಮಧ್ಯ ವಿಯೆಟ್ನಾಂನ ಕ್ವಾಂಗ್ ಟ್ರಾಕ್‌ನಿಂದ ಉತ್ತರದ ಫೋ ನೋಯ್‌ವರೆಗೆ 500 ಕಿಲೋವೋಲ್ಟ್ ಮಾರ್ಗ ಎಳೆದು ಮುಗಿಸಿದ್ದು ಅಲ್ಲಿನ ಸರ್ಕಾರದ ಕಾರ್ಯಕ್ಷಮತೆಗೆ ಸಾಕ್ಷಿ.

ಹಾಗಾದರೆ ಹೋಗಬಾರದೇ ಎಂದು ನೀವು ಕೇಳಬಹುದು. ಹೋಗಬೇಕು. ಆದರೆ ಅಲ್ಲಿ ತಯಾರಿಸಿ ಹೊರಗೆ ಮಾರುವವರು ಸುಂಕ, ವಿದ್ಯುತ್ತು, ಗುತ್ತಿಗೆಯ ಪತ್ರ ನೋಡಲಿ. ಅಲ್ಲಿನ ಹತ್ತು ಕೋಟಿ ಜನರಿಗೇ ಮಾರುವವರಿಗೆ ತಲಾ ಜಿಡಿಪಿ ಮುಖ್ಯ: 2024ರಲ್ಲಿ ಅದು 4,700 ಡಾಲರ್ ಆಸುಪಾಸು ಇತ್ತು, ಏರುತ್ತಿದೆ. ನಮ್ಮ ಲೇಖನ ಈ ಎರಡನೆಯ ಗುಂಪಿನ ಬಗ್ಗೆ ಹೆಚ್ಚು ಹೇಳಲಿಲ್ಲ ಎಂದು ನೀವು ಆಕ್ಷೇಪಿಸಿದ್ದರೆ ಖಂಡಿತ ಒಪ್ಪುತ್ತಿದ್ದೆ.

— ಸಂಪಾದಕ